ಹದಿನೈದು ಪದಗಳ ವ್ಯಾಕರಣ

ನಮ್ಮ ಕ್ಲಬ್ಬಿನ ನಿಯಮಾವಳಿಯಲ್ಲಿ ಹೆಂಗಸರು ಇಸ್ಪೀಟಿನ ಕೋಣೆಗೆ ಬರಬಾರದು ಅಂತ ಎಲ್ಲೂ ಬರೆದಿರಲಿಲ್ಲ. ಬರೆಯಬೇಕು ಅಂತ ಯಾರಿಗೂ ಹೊಳೆದೇ ಇರಲಿಲ್ಲ. ಹಾಗಾಗಿ ಒಂದು ಸಂಜೆ, ಹರಿಹರದ ಪ್ರೌಢಶಾಲೆಯಿಂದ ನಿವೃತ್ತರಾದ ಕನ್ನಡ ಟೀಚರ್ ಒಬ್ಬರು ಗಂಡನ ಸ್ಕೂಟರಿನ ಹಿಂದೆ ಕೂತು ದಾವಣಗೆರೆಗೆ ಬಂದು, ಬ್ರಿಜ್ ಆಡಲು ಸದಸ್ಯತ್ವ ಬೇಕು ಅಂತ ದುಂಡನೆಯ ಅಕ್ಷರದಲ್ಲಿ ಬರೆದ ಅರ್ಜಿ ಕೊಟ್ಟಾಗ, ನಮ್ಮ ಕಾರ್ಯದರ್ಶಿಗಳು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

ಕಾರ್ಯದರ್ಶಿಗಳು ನಿವೃತ್ತ ಎಂಜಿನಿಯರ್. ಒಳ್ಳೆಯವರು, ಆದರೆ ಕಾಯ್ದೆ ಕಟ್ಟಳೆ ಅಂದರೆ ಪ್ರಾಣ. "ಮೇಡಂ, ಇಲ್ಲಿ ಮೊದಲಿಂದ್ಲೂ ಗಂಡಸರೇ ಆಡ್ಕೊಂಡು ಬಂದಾರೆ..." ಅಂತ ರಾಗ ಎಳೆದರು.

"ನಿಮ್ಮ ನಿಯಮಾವಳಿ ಇದ್ದರೆ ಕೊಡಿ, ನೋಡೋಣ" ಅಂದರು ಟೀಚರ್.

ಕೊಟ್ಟರು. ಟೀಚರ್ ನಿಂತಲ್ಲೇ ಎರಡು ಪುಟ ಓದಿದರು. ಓದುವಾಗ ಬ್ಯಾಗಿನಿಂದ ಕೆಂಪು ಪೆನ್ನು ತೆಗೆದು ಒಂದೆರಡು ಕಾಗುಣಿತ ತಿದ್ದಿದ್ದನ್ನೂ ನಾನು ಕಣ್ಣಾರೆ ಕಂಡೆ. ಆಮೇಲೆ ಒಂದು ಸಾಲಿನ ಮೇಲೆ ಬೆರಳಿಟ್ಟು ಹೇಳಿದರು: "ಇಲ್ಲಿ 'ಸದಸ್ಯರು' ಅಂತ ಇದೆ. ಕನ್ನಡದಲ್ಲಿ ಏಕವಚನಕ್ಕೆ ಅವನು ಬೇರೆ, ಅವಳು ಬೇರೆ. ಬಹುವಚನಕ್ಕೆ ಬಂದರೆ ಇಬ್ಬರೂ ಅವರು. ನೀವು 'ಸದಸ್ಯನು' ಅಂತ ಬರೆದಿದ್ದರೆ ನಾನು ವಾಪಸ್ ಹೋಗುತ್ತಿದ್ದೆ. 'ಸದಸ್ಯರು' ಅಂತ ಬರೆದಿದ್ದೀರಿ. ಅದರಲ್ಲಿ ನಾನೂ ಇದ್ದೇನೆ."

ಸರ್ವೀಸಿನುದ್ದಕ್ಕೂ ಗುತ್ತಿಗೆದಾರರ ಜೊತೆ ಜಗಳ ಆಡಿ ಗೆದ್ದವರು ನಮ್ಮ ಕಾರ್ಯದರ್ಶಿಗಳು. ಬಹುವಚನದ ಎದುರು ಸೋತು ಅರ್ಜಿಗೆ ಸಹಿ ಹಾಕಿದರು.

ನಾನು ಮೂಲೆಯ ಮೇಜಿನಲ್ಲಿ ಸುಮ್ಮನೆ ಎಲೆ ಕಲೆಸುತ್ತಾ ಕೂತಿದ್ದೆ. ನನ್ನ ಜೊತೆಗಾರ ಹುಬ್ಬಳ್ಳಿಗೆ ಮನೆ ಬದಲಾಯಿಸಿ ಎರಡು ತಿಂಗಳಾಗಿತ್ತು. ಎದುರು ಕುರ್ಚಿಯಲ್ಲಿ ಕೂರುವವರಿಲ್ಲದೆ ದಿನಾ ಬಂದು ಬೇರೆಯವರ ಆಟ ನೋಡಿ ಮನೆಗೆ ಹೋಗುತ್ತಿದ್ದೆ. "ಇಲ್ಲಿ ಕುರ್ಚಿ ಖಾಲಿ ಐತ್ರಿ, ಬರ್ರಿ ಟೀಚರ್" ಅಂದುಬಿಟ್ಟೆ. ಯಾಕೆ ಅಂದೆನೋ ನನಗೇ ಗೊತ್ತಿಲ್ಲ. ಅವರು ಬಂದು ಕೂತರು. ಎಲೆ ಮುಟ್ಟುವ ಮುಂಚೆ ಎರಡೂ ಕೈಯ ಬೆರಳು ಝಾಡಿಸಿಕೊಂಡರು. ಮೂವತ್ತು ವರ್ಷ ಸೀಮೆಸುಣ್ಣ ಹಿಡಿದ ಕೈಯ ಅಭ್ಯಾಸ ಅದು, ಕೊನೆಯವರೆಗೂ ಹೋಗಲಿಲ್ಲ. ಹನ್ನೊಂದು ವರ್ಷ ನಾವು ಜೋಡಿಯಾಗಿ ಆಡಿದೆವು, ನಡುವಿನ ಎಂಟು ತಿಂಗಳು ಬಿಟ್ಟು. ಆ ಎಂಟು ತಿಂಗಳ ಸಂಗತಿಯನ್ನೂ ಹೇಳಬೇಕು.

ನಮಗೆಲ್ಲ ಅವರು ಟೀಚರ್. ಇಲ್ಲಿಯೂ ಹಾಗೇ ಬರೆಯುತ್ತೇನೆ. ಮಂಡಿಪೇಟೆಯಲ್ಲಿ ನಮ್ಮದು ಬೇಳೆಕಾಳಿನ ಸಗಟು ಅಂಗಡಿ. ಅವರು ನನ್ನನ್ನು ಮೊದಲ ದಿನದಿಂದ "ಸಾವ್ಕಾರ್ರೆ" ಅಂದರು. ಅದರಲ್ಲಿ ಗೌರವ ಎಷ್ಟಿತ್ತು, ತಮಾಷೆ ಎಷ್ಟಿತ್ತು ಅಂತ ನಾನು ಕೇಳಲು ಹೋಗಲಿಲ್ಲ.

ಬ್ರಿಜ್ ಗೊತ್ತಿಲ್ಲದವರಿಗೆ ಒಂದಿಷ್ಟು ಹೇಳಲೇಬೇಕು. ನಾಲ್ಕು ಜನ ಆಡುವ ಆಟ, ಎದುರುಬದುರು ಕೂತ ಇಬ್ಬರು ಒಂದು ಜೋಡಿ. ಒಬ್ಬೊಬ್ಬರಿಗೆ ಹದಿಮೂರು ಎಲೆ, ಹದಿಮೂರು ಸುತ್ತು. ಆಡುವ ಮುಂಚೆ ಹರಾಜಿನ ಹಾಗೆ ಕೂಗಬೇಕು: ಇಂಥ ಜಾತಿಯ ಎಲೆ ತುರುಫು, ಅಂದರೆ ಉಳಿದ ಜಾತಿಗಳನ್ನೆಲ್ಲ ಹೊಡೆಯುವಂಥದು, ನಮ್ಮ ಜೋಡಿ ಇಷ್ಟು ಸುತ್ತು ಗೆಲ್ಲುತ್ತದೆ ಅಂತ. ಆರರ ಮೇಲೆ ಎಷ್ಟು ಅನ್ನುವುದೇ ಕೂಗಿನ ಲೆಕ್ಕ: ನಾಲ್ಕು ಅಂತ ಕೂಗಿದರೆ ಹತ್ತು ಸುತ್ತು ಗೆಲ್ಲಬೇಕು, ಆರು ಅಂದರೆ ಹನ್ನೆರಡು. ಕಷ್ಟ ಏನೆಂದರೆ ನಿಮ್ಮ ಎಲೆ ನಿಮಗೆ ಮಾತ್ರ ಗೊತ್ತು, ಎದುರಿಗಿರುವ ಜೊತೆಗಾರನ ಎಲೆ ಅವನಿಗೆ ಮಾತ್ರ. ಒಬ್ಬರಿಗೊಬ್ಬರು ತಿಳಿಸಿಕೊಳ್ಳಲು ಇರುವುದು ಆ ಕೂಗು ಒಂದೇ. ಒಂದರಿಂದ ಏಳರವರೆಗಿನ ಸಂಖ್ಯೆ. ಕಳಾವರ್, ಡೈಮನ್, ಆಟೀನ್, ಇಸ್ಪೀಟ್ ಎಂಬ ನಾಲ್ಕು ಜಾತಿ. ತುರುಫೇ ಬೇಡ ಅನ್ನುವುದಕ್ಕೆ ಒಂದು ಪದ. ಮತ್ತೆ ಪಾಸ್, ಡಬಲ್, ರೀಡಬಲ್. ಇವು ಬಿಟ್ಟು ಇನ್ನೊಂದು ಮಾತು ಆಡುವಂತಿಲ್ಲ. ಕೆಮ್ಮುವಂತಿಲ್ಲ, ಹುಬ್ಬು ಹಾರಿಸುವಂತಿಲ್ಲ.

"ಲೆಕ್ಕ ಹಾಕಿ ಸಾವ್ಕಾರ್ರೆ, ಹದಿನೈದೇ ಪದ" ಅಂದಿದ್ದರು ಟೀಚರ್ ಮೊದಲ ವಾರವೇ. "ಹದಿನೈದು ಪದ ಇರುವ ಒಂದು ಭಾಷೆ. ಈ ಕ್ಲಬ್ಬಿನಲ್ಲಿ ಎಲ್ಲರೂ ಯಾರೋ ಎಲ್ಲೋ ಬರೆದ ವ್ಯಾಕರಣ ಇಟ್ಟುಕೊಂಡು ಮಾತಾಡುತ್ತಿದ್ದೀರಿ. ನಾವು ನಮ್ಮದೇ ಬರೆಯೋಣ."

ಅವರು ಆಟ ಕಲಿತದ್ದು ದಾವಣಗೆರೆಯಲ್ಲೇ. ತಂದೆ ಇಲ್ಲಿನ ಒಂದು ಹತ್ತಿ ಗಿರಣಿಯಲ್ಲಿ ಗುಮಾಸ್ತರು. ಗಿರಣಿಯ ಅಧಿಕಾರಿಗಳು ಸಂಜೆ ಬ್ರಿಜ್ ಆಡುವಾಗ ನಾಲ್ಕನೆಯವರು ಬಾರದಿದ್ದರೆ ಗುಮಾಸ್ತರ ಮಗಳನ್ನು ಕರೆದು ಕೂರಿಸುತ್ತಿದ್ದರಂತೆ. ಹನ್ನೊಂದು ವರ್ಷದ ಹುಡುಗಿ, ಕುರ್ಚಿಯ ಮೇಲೆ ದಿಂಬು ಇಟ್ಟುಕೊಂಡು ಆಡುತ್ತಿದ್ದಳು. ಆಮೇಲೆ ಮದುವೆ, ಸಂಸಾರ, ಶಾಲೆ. ಮೂವತ್ತು ವರ್ಷ ಎಲೆ ಮುಟ್ಟಿರಲಿಲ್ಲ. ಆದರೆ ತಲೆಯೊಳಗೆ ಆಡುತ್ತಲೇ ಇದ್ದರು ಅಂತ ಕಾಣುತ್ತದೆ.

ಅವರ ಮೊದಲ ಪದ್ಧತಿಯ ಹೆಸರು 'ಆದೇಶ'. ಎಂಟನೇ ಕ್ಲಾಸಿನಲ್ಲಿ ನಾವೆಲ್ಲ ಓದಿದ ಸಂಧಿಯ ಹೆಸರೇ. ಮಳೆ, ಕಾಲ ಸೇರಿದರೆ ಮಳೆಗಾಲ. ಕಕಾರ ಇದ್ದಲ್ಲಿ ಗಕಾರ ಬಂತು. ಅದೇ ರೀತಿ ಮೊದಲ ಕೂಗಿನಲ್ಲಿ ಮಾತ್ರ ಒಂದು ಜಾತಿಯ ಹೆಸರು ಕೂಗಿ ಅದರ ಮುಂದಿನ ಜಾತಿ ಅಂತ ತಿಳಿಯಬೇಕು. ಕಳಾವರ್ ಅಂದರೆ ನನ್ನ ಹತ್ತಿರ ಡೈಮನ್ ಇದೆ, ಡೈಮನ್ ಅಂದರೆ ಆಟೀನ್, ಆಟೀನ್ ಅಂದರೆ ಇಸ್ಪೀಟ್. ಇದರಿಂದ ಏನು ಲಾಭ ಅಂತ ಕೇಳಿದೆ. ಒಂದು ಮೆಟ್ಟಿಲು ಕೆಳಗಿನಿಂದ ಮಾತು ಶುರು ಮಾಡಿದರೆ ಮೇಲೆ ಇನ್ನೊಂದು ಮಾತಿಗೆ ಜಾಗ ಉಳಿಯುತ್ತದೆ ಅಂದರು. ನಾನು ಅಂಗಡಿಯ ಗಾದಿಯ ಮೇಲೆ ಕೂತು, ತೊಗರಿ ಚೀಲ ಇಳಿಯುತ್ತಿರುವಾಗ, "ಆಟೀನ್ ಅಂದರೆ ಇಸ್ಪೀಟ್, ಆಟೀನ್ ಅಂದರೆ ಇಸ್ಪೀಟ್" ಅಂತ ಬಾಯಿಪಾಠ ಮಾಡುತ್ತಿದ್ದೆ. ಮನೆಯಲ್ಲಿ ನಮ್ಮವಳು ಕೇಳುತ್ತಿದ್ದಳು: "ಏನ್ರಿ, ಟೀಚರ್ ಇವತ್ತೂ ಹೋಂವರ್ಕ್ ಕೊಟ್ಟಾರೇನು?"

ಎರಡನೆಯದು 'ಲೋಪ', ಇದ್ದ ಸ್ವರ ಬಿಟ್ಟುಹೋಗುವ ಸಂಧಿ. ಅದೇ ಅವರಿಗೆ ಅತಿ ಪ್ರೀತಿಯದು, ನನಗೆ ಅತಿ ಭಯದ್ದು. ಲೋಕದಲ್ಲೆಲ್ಲ ಒಳ್ಳೆಯ ಎಲೆ ಬಂದವನು ಕೂಗುತ್ತಾನೆ, ಬಾರದವನು ಪಾಸ್ ಅನ್ನುತ್ತಾನೆ. ಟೀಚರ್ ಇದನ್ನು ತಿರುವಿ ಹಾಕಿದರು. ಕೈ ಬಲವಾಗಿದ್ದರೆ ಪಾಸ್ ಅನ್ನಬೇಕು. ಕೈಯಲ್ಲಿ ಏನೂ ಇಲ್ಲದಿದ್ದರೆ ಏನಾದರೂ ಕೂಗಬೇಕು. "ಇದ್ದವರು ಸುಮ್ಮನಿದ್ದರೆ ನಡೆಯುತ್ತದೆ ಸಾವ್ಕಾರ್ರೆ. ಜಾಗ ಬೇಕಾಗಿರುವುದು ಇಲ್ಲದವರಿಗೆ" ಅಂತ ವಿವರಿಸಿದರು. ಅದು ಇಸ್ಪೀಟಿನ ಮಾತೋ ಬೇರೆಯದೋ ತಿಳಿಯಲಿಲ್ಲ.

ಲೋಪ ಆಡಿದ ಮೊದಲ ಸಂಜೆಯೇ ಅನಾಹುತವಾಯಿತು. ಎಲೆ ಹಂಚಿದವರು ಅವರು. ನೋಡಿಕೊಂಡು "ಪಾಸ್" ಅಂದರು. ಪಕ್ಕದವರು ಪಾಸ್. ನನ್ನ ಕೈಯಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಇಪ್ಪತ್ತು ವರ್ಷದ ಅಭ್ಯಾಸದಂತೆ ನಾನೂ "ಪಾಸ್" ಅಂದೆ. ನಾಲ್ಕನೆಯವರೂ ಪಾಸ್. ನಾಲ್ವರೂ ಪಾಸ್ ಅಂದ ಮೇಲೆ ಆ ಆಟ ಮುಗಿದ ಹಾಗೆ, ಎಲೆ ಮಡಚಿ ಮತ್ತೆ ಹಂಚಬೇಕು. ಟೀಚರ್ ಮಡಚಲಿಲ್ಲ. ಒಂದೊಂದಾಗಿ ಮೇಜಿನ ಮೇಲೆ ಬಿಡಿಸಿಟ್ಟರು. ಮೂರು ಎಕ್ಕ, ಮೂರು ರಾಜ, ಎರಡು ರಾಣಿ. ಸುತ್ತಲಿನ ಮೇಜಿನವರೆಲ್ಲ ಎದ್ದು ಬಂದು ನೋಡಿದರು. ಟೀಚರ್ ನನ್ನ ಮುಖ ನೋಡಿ ಮೆಲ್ಲಗೆ ಕೇಳಿದರು: "ಸಾವ್ಕಾರ್ರೆ, ನಾನು ಅಷ್ಟು ಜೋರಾಗಿ ಸುಮ್ಮನಿದ್ದೆ. ನಿಮಗೆ ಕೇಳಿಸಲಿಲ್ಲವೇ?"

ಅವತ್ತಿನಿಂದ ಕ್ಲಬ್ಬಿನಲ್ಲಿ ಯಾರಾದರೂ ಮಾತಿಲ್ಲದೆ ಕೂತಿದ್ದರೆ "ಏನಪಾ, ಭಾಳ ಜೋರಾಗಿ ಸುಮ್ಮನದೀಯಲ್ಲ" ಅನ್ನುವುದು ರೂಢಿಯಾಯಿತು.

ಅವರಿಗೆ ದೋಷಗಳಿದ್ದವು. ತಾಳ್ಮೆ ಇರಲಿಲ್ಲ. ನಾನು ಒಂದು ಪದ್ಧತಿಯನ್ನು ಹೇಗೋ ತಲೆಗೆ ಹಾಕಿಕೊಳ್ಳುವಷ್ಟರಲ್ಲಿ ಅದನ್ನು ಅರ್ಧ ಬದಲಾಯಿಸಿ ತರುತ್ತಿದ್ದರು. ತಮ್ಮ ಪದ್ಧತಿ ಸೋತರೆ ಎಲೆಯ ತಪ್ಪು, ಇಲ್ಲವೇ ನನ್ನ ತಪ್ಪು. ನೋಟೀಸ್ ಬೋರ್ಡಿನ ಮೇಲೆ ಕಾರ್ಯದರ್ಶಿಗಳು ಅಂಟಿಸಿದ ಪ್ರತಿ ಕಾಗದವನ್ನೂ ಕೆಂಪು ಪೆನ್ನಿನಲ್ಲಿ ತಿದ್ದುತ್ತಿದ್ದರು. ಒಮ್ಮೆ ಒಂದು ಶ್ರದ್ಧಾಂಜಲಿಯನ್ನೂ ತಿದ್ದಿದರು. "ಹೋದವರಿಗೆ ಒತ್ತಕ್ಷರ ತಪ್ಪಾಗಬಾರದು" ಅಂತ ಸಮರ್ಥನೆ ಬೇರೆ.

ಆದರೆ ಒಂದು ವಿಷಯದಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಬ್ರಿಜ್‌ನಲ್ಲಿ ನಿಮ್ಮ ಕೂಗಿಗೆ ಏನರ್ಥ ಅಂತ ಎದುರಾಳಿಗೆ ಹೇಳಬೇಕು, ಮುಚ್ಚಿಡುವಂತಿಲ್ಲ. ಬಹಳ ಜನ ಕೇಳಿದರೆ ಮಾತ್ರ, ಕೇಳಿದಷ್ಟು ಮಾತ್ರ ಹೇಳುತ್ತಾರೆ. ಟೀಚರ್ ಪ್ರತಿ ಹೊಸ ಪದ್ಧತಿಯನ್ನೂ ಕಾರ್ಬನ್ ಹಾಳೆ ಇಟ್ಟು ನಾಲ್ಕು ಪ್ರತಿ ಬರೆದು, ಆಟ ಶುರುವಾಗುವ ಮುಂಚೆ ಎದುರಾಳಿಗಳ ಕೈಗೆ ಕೊಟ್ಟು, ಅರ್ಥವಾಯಿತೇ ಅಂತ ಪ್ರಶ್ನೆ ಕೇಳಿ, ಆಗದಿದ್ದರೆ ಮತ್ತೆ ಪಾಠ ಮಾಡುತ್ತಿದ್ದರು. ಕಾರ್ಯದರ್ಶಿಗಳು ಗೊಣಗುತ್ತಿದ್ದರು: "ಟೀಚರ್, ನಿಮ್ಮ ಕೂಡ ಆಡಾಕೆ ಬಂದ್ರೆ ಪರೀಕ್ಷೆಗೆ ಕುಂತಂಗೆ ಆಗ್ತೈತೆ."

ನಾನೂ ಒಂದು ಸಲ ಕೇಳಿದೆ. "ಅಷ್ಟು ಕಷ್ಟಪಟ್ಟು ಕಟ್ಟಿದ್ದನ್ನ ಅವರಿಗೇ ಬಿಚ್ಚಿ ಕೊಡೋದು ಯಾಕ್ರಿ?" ಆಗ ನಮ್ಮಪ್ಪನ ಕಾಲದ ಮಂಡಿಪೇಟೆಯ ವ್ಯಾಪಾರದ ಸಂಗತಿ ಹೇಳಿದೆ. ಇಬ್ಬರು ವ್ಯಾಪಾರಿಗಳು ಟವೆಲ್ಲಿನ ಕೆಳಗೆ ಕೈ ಹಾಕಿ, ಬೆರಳು ಹಿಡಿದು ದರ ಕುದುರಿಸುತ್ತಿದ್ದರು. ಸುತ್ತ ನಿಂತವರಿಗೆ ಗೊತ್ತಾಗುತ್ತಿರಲಿಲ್ಲ. ಟೀಚರ್‌ಗೆ ಇದು ಎಷ್ಟು ಹಿಡಿಸಿತು ಅಂದರೆ ಮೇಜಿನ ಮೇಲಿದ್ದ ಕರವಸ್ತ್ರ ಕೊಟ್ಟು ಮಾಡಿ ತೋರಿಸಿ ಅಂದರು. ತೋರಿಸಿದೆ. ಎಷ್ಟು ಬೆರಳಿಗೆ ಎಷ್ಟು, ಅರ್ಧಕ್ಕೆ ಏನು, ಬೇಡ ಅನ್ನಲು ಏನು, ಎಲ್ಲ ಕೇಳಿ ತಿಳಿದರು. ಕೊನೆಗೆ, "ಬಹಳ ಚೆನ್ನಾಗಿದೆ. ಆದರೆ ಟವೆಲ್ ತೆಗೆದು ಆಡಿದರೆ ಮಾತ್ರ ಇದು ಭಾಷೆ. ಟವೆಲ್ ಇದ್ದರೆ ಬರೀ ಗುಟ್ಟು" ಅಂದರು.

ಅವರ ಗಂಡನ ಬಗ್ಗೆ ಹೇಳದಿದ್ದರೆ ಟೀಚರ್ ಚಿತ್ರ ಅರ್ಧವಾಗುತ್ತದೆ. ಗೌಡರು ಅಂತ ನಾವು ಕರೆಯುತ್ತಿದ್ದೆವು. ಕೊಕ್ಕನೂರಿನಲ್ಲಿ ಭತ್ತದ ಗದ್ದೆ. ಬೆಳಿಗ್ಗೆ ಹರಿಹರದಿಂದ ಗದ್ದೆಗೆ ಹೋಗಿ, ಮಧ್ಯಾಹ್ನ ಮನೆಗೆ ಬಂದು, ಸಂಜೆ ಹೆಂಡತಿಯನ್ನು ಸ್ಕೂಟರಿನ ಮೇಲೆ ದಾವಣಗೆರೆಗೆ ಕರೆತರುತ್ತಿದ್ದರು. ನಾವು ಆಡಿ ಮುಗಿಸುವವರೆಗೆ ಜಗಲಿಯ ಮೇಲೆ ಕೂತು ಪೇಪರ್ ಓದುವರು, ಇಲ್ಲವೇ ಕ್ಲಬ್ಬಿನ ಮಾಲಿಗೆ ಗಿಡದ ಬುಡ ಹೇಗೆ ಬಿಡಿಸಬೇಕು ಅಂತ ಹೇಳಿಕೊಡುವರು. ಒಳಗೆ ಬಂದು ಒಂದು ಆಟ ನೋಡಿದವರಲ್ಲ. ಅವರಿಗೆ ಇಸ್ಪೀಟಿನ ಗಂಧವೇ ಇಲ್ಲ ಅಂತ ನಾವು ತಿಳಿದಿದ್ದೆವು.

ಒಂದು ಭಾನುವಾರ ಹೊಸ ಪದ್ಧತಿ ಕಲಿಯಲು ಹರಿಹರದ ಅವರ ಮನೆಗೆ ಹೋದೆ. ಬಾಗಿಲು ತೆಗೆದೇ ಇತ್ತು. ಒಳಗಿನಿಂದ ಗೌಡರ ದನಿ: "ಒಂದು ಡೈಮನ್." ಟೀಚರ್: "ಒಂದು ಇಸ್ಪೀಟ್." ಗೌಡರು: "ಅಂಗಾದ್ರೆ ಎರಡು ಆಟೀನ್." ನಡುಮನೆಯ ಚಾಪೆಯ ಮೇಲೆ ಗಂಡಹೆಂಡತಿ ಎದುರುಬದುರು ಕೂತಿದ್ದರು. ಟೀಚರ್ ಅವರೆಕಾಯಿ ಸುಲಿಯುತ್ತಿದ್ದರು, ಇಬ್ಬರ ಮುಂದೆಯೂ ಎಲೆ. ನಾನು ಬೆರಗಾಗಿ, "ಗೌಡ್ರೆ, ನಿಮಗೆ ಬ್ರಿಜ್ ಬರ್ತೈತೇನ್ರಿ!" ಅಂದೆ.

"ಏ ಇಲ್ಲ ಸಾವ್ಕಾರ್ರೆ" ಅಂತ ಗೌಡರು ನಾಚಿಕೊಂಡರು. "ಆಟ ನನಗೆ ಬರಂಗಿಲ್ಲ. ಬರೇ ಕೂಗಾದು ಬರ್ತೈತೆ."

ಸಂಗತಿ ಏನೆಂದರೆ, ಟೀಚರ್ ಹೊಸ ಪದ್ಧತಿಯನ್ನೆಲ್ಲ ಮೊದಲು ಪರೀಕ್ಷೆ ಮಾಡುತ್ತಿದ್ದುದು ಗಂಡನ ಮೇಲೆ. ಎಲೆ ಹಂಚುವುದು, ಕೂಗುವುದು, ಮಡಚುವುದು. ಆಡಿ ಮುಗಿಸುವ ಗೋಜೇ ಇಲ್ಲ. ಗೌಡರಿಗೆ ಎರಡು ಸಂಜೆಯಲ್ಲಿ ಹತ್ತದ ಪದ್ಧತಿಯನ್ನು ಟೀಚರ್ ಹರಿದು ಒಲೆಗೆ ಹಾಕುತ್ತಿದ್ದರು. "ಗದ್ದೆ ಕೆಲಸ ಮಾಡಿ ದಣಿದು ಬಂದವರ ಬಾಯಲ್ಲಿ ನಿಲ್ಲದಿದ್ದರೆ ಅದು ಒಳ್ಳೆಯ ವ್ಯಾಕರಣ ಅಲ್ಲ" ಅಂದರು. ನಾನು ತಿಂಗಳುಗಟ್ಟಲೆ ಒದ್ದಾಡಿ ಕಲಿತದ್ದನ್ನು ಗೌಡರು ಎರಡೇ ಸಂಜೆಯಲ್ಲಿ ಕಲಿತಿದ್ದರು ಅಂತ ಅವತ್ತು ತಿಳಿದು ನನಗೆ ಸ್ವಲ್ಪ ಸಂಕಟವಾಯಿತು. ತಟ್ಟೆ ತುಂಬ ಮಂಡಕ್ಕಿ ಮಿರ್ಚಿ ಬಂತು. ತಿಂದು ಮರೆತೆ.

ಈಗ ಆ ಎಂಟು ತಿಂಗಳ ವಿಷಯ.

ಸುತ್ತಲಿನ ನಾಲ್ಕೈದು ಊರಿನ ಕ್ಲಬ್ಬುಗಳು ಸೇರಿ ವರ್ಷಕ್ಕೊಮ್ಮೆ ಪಂದ್ಯ ನಡೆಸುತ್ತವೆ. ಒಂದೇ ಹಂಚಿಕೆಯ ಎಲೆಗಳನ್ನು ಎಲ್ಲ ಜೋಡಿಗಳೂ ಬೇರೆ ಬೇರೆ ಮೇಜಿನಲ್ಲಿ ಆಡುತ್ತಾರೆ. ಹಾಗಾಗಿ ಅದೃಷ್ಟದ ಮಾತಿಲ್ಲ. ಅದೇ ಎಲೆಯಲ್ಲಿ ಯಾರು ಹೆಚ್ಚು ಗಳಿಸಿದರು ಅನ್ನುವುದೇ ಲೆಕ್ಕ. ಲೋಪ ಪದ್ಧತಿಗೆ ಅಲ್ಲಿ ಅನುಮತಿ ಇರಲಿಲ್ಲ, ಆದೇಶಕ್ಕೆ ಇತ್ತು. ಆ ವರ್ಷ ನಾವು ಆದೇಶದಲ್ಲಿ ಎಷ್ಟು ಚೆನ್ನಾಗಿ ಆಡಿದೆವೆಂದರೆ ಕೊನೆಯ ಹಂಚಿಕೆಗೆ ಬಂದಾಗ ನಾವೇ ಮುಂದಿದ್ದೆವು. ಎರಡು ಮೂರು ಮೇಜಿನವರು ಆಟ ಮುಗಿಸಿ ನಮ್ಮ ಸುತ್ತ ಬಂದು ನಿಂತಿದ್ದರು.

ಟೀಚರ್ "ಒಂದು ಆಟೀನ್" ಅಂದರು. ಅಂದರೆ ಅವರ ಹತ್ತಿರ ಇಸ್ಪೀಟ್ ಇದೆ. ನನ್ನ ಹತ್ತಿರವೂ ಒಳ್ಳೆಯ ಇಸ್ಪೀಟ್ ಎಲೆಗಳಿದ್ದವು, ಬೇರೆ ಜಾತಿಯ ಒಂದು ಎಕ್ಕವೂ ಇತ್ತು. ನಾಲ್ಕು ಅನ್ನಲು ಜಾಸ್ತಿ, ಆರು ಅನ್ನಲು ಧೈರ್ಯ ಸಾಲದು. ನಡುವೆ ಏನು ಕೂಗಬೇಕು ಅಂತ ನೆನಪಿಗೆ ಬರಲಿಲ್ಲ. ಎಲೆ ನೋಡಿದೆ, ಫ್ಯಾನ್ ನೋಡಿದೆ, ಮತ್ತೆ ಎಲೆ ನೋಡಿದೆ. ಎರಡು ನಿಮಿಷವಾದರೂ ಆಗಿರಬೇಕು. ಕೊನೆಗೆ ಒಂದು ದೊಡ್ಡ ನಿಟ್ಟುಸಿರು ಬಿಟ್ಟು "ನಾಲ್ಕು ಇಸ್ಪೀಟ್" ಅಂದೆ.

ಟೀಚರ್ ತಕ್ಷಣ "ಪಾಸ್" ಅಂದರು.

ನಾವು ಸಲೀಸಾಗಿ ಹನ್ನೆರಡು ಸುತ್ತು ಗೆದ್ದೆವು. ಆರು ಕೂಗಿ ಹನ್ನೆರಡು ಗೆದ್ದರೆ ಸಿಗುವ ಅಂಕವೇ ಬೇರೆ. ನಾಲ್ಕು ಕೂಗಿ ಹನ್ನೆರಡು ಗೆದ್ದರೆ ಅದು ಸಿಗುವುದಿಲ್ಲ. ಅದೇ ಎಲೆಗಳಲ್ಲಿ ಇನ್ನೊಂದು ಮೇಜಿನ ಜೋಡಿ ಆರು ಕೂಗಿತ್ತು. ಪಂದ್ಯದ ಕಪ್ ಅವರ ಪಾಲಾಯಿತು.

ಟೀಚರ್ ಮೇಜಿನ ಮೇಲೆ ಬಿಚ್ಚಿಟ್ಟಿದ್ದ ಎಲೆಗಳನ್ನು ನೆನೆದೆ. ತಲೆ ಕೆಟ್ಟುಹೋಯಿತು. "ಇಷ್ಟು ಇಟ್ಕೊಂಡು ಪಾಸ್ ಅಂದ್ರಲ್ರಿ! ನನ್ನ ಹತ್ರ ಇನ್ನೂ ಐತೆ ಅಂತ ನಿಮಗೆ ಗೊತ್ತಾಗಿತ್ತಲ್ಲ!"

"ಗೊತ್ತಾಗಿತ್ತು. ಅದಕ್ಕೇ ಪಾಸ್ ಅಂದೆ."

"ಏನಂಗಂದ್ರೆ?"

"ನೀವು ಕೂಗಿದ್ದು ನಾಲ್ಕು ಸಾವ್ಕಾರ್ರೆ. ನಿಟ್ಟುಸಿರು ಬಿಟ್ಟಿದ್ದು ಆರು. ಕೂಗಿದ್ದನ್ನು ಮಾತ್ರ ನಾನು ಕೇಳಿಸಿಕೊಳ್ಳಬೇಕು. ಬೇಗ ನಾಲ್ಕು ಅಂದಿದ್ದರೆ ನಾನು ಯೋಚಿಸಿ ಮುಂದೆ ಹೋಗುತ್ತಿದ್ದೆನೋ ಏನೋ. ನಿಟ್ಟುಸಿರು ಕೇಳಿದ ಮೇಲೆ ಆ ದಾರಿ ನನಗೆ ಮುಚ್ಚಿಹೋಯಿತು."

"ಯಾರು ಕೇಳ್ತಿದ್ರು ಟೀಚರ್? ಯಾರಿಗೆ ಗೊತ್ತಾಗ್ತಿತ್ತು?"

"ನಿಮಗೆ ಗೊತ್ತಾಗುತ್ತಿತ್ತು. ಆಮೇಲೆ ಪ್ರತಿ ಆಟಕ್ಕೂ ನಿಟ್ಟುಸಿರು ಬಿಡುತ್ತಿದ್ದಿರಿ."

ಸುತ್ತ ನಿಂತವರು ನಕ್ಕರು. ಆ ನಗು ನನಗೆ ತಡೆಯಲಾಗಲಿಲ್ಲ. "ನಿಮ್ಮ ವ್ಯಾಕರಣ ನಿಮ್ಮ ಸಾಲಿ ಮಕ್ಕಳಿಗೆ ಇಟ್ಕೊಳ್ರಿ. ಗೆಲ್ಲಾಕೆ ಬಂದೋರ ಎದುರು ಕೂಡಬ್ಯಾಡ್ರಿ" ಅಂದುಬಿಟ್ಟೆ. ಎಲ್ಲರೂ ಕೇಳಿಸಿಕೊಂಡರು. ಟೀಚರ್ ಬೆರಳು ಝಾಡಿಸಿಕೊಂಡು, ಬ್ಯಾಗು ತೆಗೆದುಕೊಂಡು ಹೊರಗೆ ಹೋದರು. ಸ್ಕೂಟರ್ ಶುರುವಾದ ಸದ್ದು ಕೇಳಿಸಿತು.

ಮಾರನೆಯ ದಿನವೇ ಹೋಗಿ ತಪ್ಪಾಯಿತು ಅನ್ನಬೇಕಿತ್ತು. ಅನ್ನಲಿಲ್ಲ. ಕಾರ್ಯದರ್ಶಿಗಳ ಜೊತೆ ಜೋಡಿಯಾದೆ. ಎಲ್ಲರೂ ಆಡುವ ಮಾಮೂಲಿ ಪದ್ಧತಿ, ಬಾಯಿಪಾಠ ಬೇಕಿಲ್ಲ. ಒಂದೆರಡು ಸಣ್ಣ ಪಂದ್ಯ ಗೆದ್ದೆವು ಕೂಡ. ಟೀಚರ್ ಎಂದಿನಂತೆ ಬರುತ್ತಿದ್ದರು, ಯಾರ ಎದುರು ಕುರ್ಚಿ ಖಾಲಿ ಇದ್ದರೆ ಅಲ್ಲಿ ಕೂತು ಆ ಜೊತೆಗಾರರ ಪದ್ಧತಿಯಲ್ಲೇ ಆಡುತ್ತಿದ್ದರು. ನನಗೆ ನಮಸ್ಕಾರ ಹೇಳುತ್ತಿದ್ದರು. ನಾನೂ ಹೇಳುತ್ತಿದ್ದೆ. ಅಷ್ಟೇ. ಬರಬರುತ್ತಾ ಅವರು ವಾರಕ್ಕೊಮ್ಮೆ ಬರುವಂತಾಯಿತು. ಗೆದ್ದ ದಿನವೂ ನನಗೆ ಆಟದಲ್ಲಿ ರುಚಿ ಹತ್ತುತ್ತಿರಲಿಲ್ಲ. ಹೇಳಿಕೊಳ್ಳಲು ಮನಸ್ಸು ಒಪ್ಪುತ್ತಿರಲಿಲ್ಲ.

ಎಂಟನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಗೌಡರು ಅಂಗಡಿಗೆ ಬಂದರು. ಕಡಲೆಬೇಳೆ ಬೇಕು ಅಂದರು. ಹರಿಹರದಲ್ಲಿ ಸಿಗದ ಕಡಲೆಬೇಳೆ ಯಾವುದು? ಕೂಡ್ರಿ ಅಂದೆ. ಚಹಾ ತರಿಸಿದೆ. ಅರ್ಧ ಕಪ್ ಕುಡಿದು ಗೌಡರು ಬಾಯಿಬಿಟ್ಟರು.

"ಸಾವ್ಕಾರ್ರೆ, ನಾನು ಬಂದಿದ್ದು ಅವಳಿಗೆ ಗೊತ್ತಿಲ್ಲ. ನನ್ನ ತಲಿ ಚಿಟ್ಟು ಹಿಡಿದೈತ್ರಿ. ದಿನಾ ಸಂಜಿಗೆ ಹೊಸಾದು ಒಂದು ಬರೀತಾಳೆ, ನನ್ನ ಕೂಡ ಕೂಗ್ತಾಳೆ. ಆಡೋರು ಯಾರೂ ಇಲ್ಲ. ನಾನು ಏಟಂತ ಕೂಗ್ಲಿ? ನಾಟಿ ಮಾಡ್ತಾ ಮಾಡ್ತಾ ಒಂದು ಕಳಾವರ್, ಎರಡು ಕಳಾವರ್ ಅಂತಿರ್ತೀನಿ. ಆಳುಗಳು ನಗ್ತಾರೆ." ಕಪ್ ಕೆಳಗಿಟ್ಟು, "ನೀವು ಒಂದ್ಸಲ ಬರ್ರಿ. ಏನೂ ಹೇಳೋದು ಬ್ಯಾಡ. ಸುಮ್ಮನೆ ಬಂದು ಕೂಡ್ರಿ" ಅಂದರು.

ಅವತ್ತೇ ಸಂಜೆ ಹೋದೆ. ದಾರಿಯುದ್ದಕ್ಕೂ ಏನು ಹೇಳಬೇಕು ಅಂತ ಜೋಡಿಸಿಕೊಂಡಿದ್ದೆ. ಟೀಚರ್ ಬಾಗಿಲಲ್ಲಿ ಕಂಡ ಕೂಡಲೇ ಎಲ್ಲ ಮರೆತುಹೋಯಿತು. "ಟೀಚರ್, ಅವತ್ತು ನಾನು..." ಅಂತ ಶುರು ಮಾಡಿದೆ.

"ಕೂತ್ಕೊಳ್ಳಿ" ಅಂದರು. ಒಳಗೆ ಹೋಗಿ ಒಂದು ಹಾಳೆ ತಂದು ನನ್ನ ಕೈಗಿಟ್ಟರು. ಮೇಲೆ 'ಆಗಮ' ಅಂತ ಬರೆದು ಕೆಳಗೆ ಗೆರೆ ಎಳೆದಿತ್ತು. "ಆಗಮ ಸಂಧಿ ನೆನಪಿದೆಯಾ?"

"ಮನೆ, ಅಲ್ಲಿ, ಮನೆಯಲ್ಲಿ" ಅಂದೆ, ಎಂಟನೇ ಕ್ಲಾಸಿನವನ ಹಾಗೆ.

"ಹೂಂ. ಯಕಾರ 'ಮನೆ'ಯಲ್ಲೂ ಇರಲಿಲ್ಲ, 'ಅಲ್ಲಿ'ಯಲ್ಲೂ ಇರಲಿಲ್ಲ. ಎರಡೂ ಹತ್ತಿರ ಬಂದಾಗ ಕೂಡಲು ತೊಡಕಾಯಿತು, ಅದಕ್ಕೆ ಬಂತು. ಅವತ್ತು ನಿಮ್ಮ ಕೈಯಲ್ಲಿದ್ದ ಎಲೆಗೆ ನಮ್ಮ ಪದ್ಧತಿಯಲ್ಲಿ ಪದವೇ ಇರಲಿಲ್ಲ ಸಾವ್ಕಾರ್ರೆ. ನೀವು ಮರೆತಿರಲಿಲ್ಲ. ನಾನೇ ಬರೆದಿರಲಿಲ್ಲ. ಪದ ಇಲ್ಲದವರು ನಿಟ್ಟುಸಿರು ಬಿಡದೆ ಇನ್ನೇನು ಮಾಡುತ್ತಾರೆ? ನೋಡಿ ಇಲ್ಲಿ. ನಾನು ಒಂದು ಆಟೀನ್ ಅಂದ ಮೇಲೆ ನಿಮ್ಮ ಹತ್ತಿರ ಅಂಥ ಕೈ ಇದ್ದರೆ ಎರಡು ಕಳಾವರ್ ಅನ್ನಿ. ನಾಲ್ಕಕ್ಕೆ ಜಾಸ್ತಿ, ಆರಕ್ಕೆ ಧೈರ್ಯ ಇಲ್ಲ, ನೀವೇ ನಿರ್ಧಾರ ಮಾಡಿ ಅಂತ ಅದರ ಅರ್ಥ."

ಎಂಟು ತಿಂಗಳು ಅವರು ಕೂತು ಬರೆದದ್ದು ಇದು. ಒಂದು ಪದ ಒಳಗೆ ತರಲು ಹಳೆಯ ನಲವತ್ತು ಅರ್ಥ ಬದಲಾಯಿಸಬೇಕಾಗಿತ್ತಂತೆ. ಹಾಳೆಯ ಮೇಲಿನ ಅಕ್ಷರ ನನಗೆ ಕಾಣಿಸಲಿಲ್ಲ. ಗೌಡರು ಅಡುಗೆಮನೆಯಿಂದ, "ಅಂತೂ ನನಗೆ ಬಿಡುಗಡೆ ಆತು" ಅಂದರು. ನಾನು ಸೆರಗಿನಷ್ಟು ದೊಡ್ಡ ಕರವಸ್ತ್ರ ತೆಗೆದು ಮುಖ ಒರೆಸಿಕೊಂಡೆ. ಟೀಚರ್ ಎಲೆ ಹಂಚತೊಡಗಿದರು. ಕ್ಷಮೆಯ ಮಾತು ಆಮೇಲೂ ಬರಲಿಲ್ಲ.

ಮತ್ತೆ ನಾಲ್ಕು ವರ್ಷ ಆಡಿದೆವು. ಆ ಕಪ್ ನಮಗೆ ಸಿಗಲಿಲ್ಲ. ಮೂರು ಸಲ ಎರಡನೆಯವರಾದೆವು. ಕೊನೆಯ ವರ್ಷ ಟೀಚರ್‌ಗೆ ಹೃದಯದ ತೊಂದರೆ ಕಾಣಿಸಿಕೊಂಡಿತು, ಸ್ಕೂಟರಿನ ಮೇಲೆ ಬರುವಂತಿರಲಿಲ್ಲ. ನಾನೂ ಕಾರ್ಯದರ್ಶಿಗಳೂ ಇನ್ನೊಬ್ಬರೂ ಭಾನುವಾರ ಹರಿಹರಕ್ಕೆ ಹೋಗಿ ಅವರ ನಡುಮನೆಯಲ್ಲಿ ಆಡುತ್ತಿದ್ದೆವು. ಕಾರ್ಯದರ್ಶಿಗಳು ಆ ಹೊತ್ತಿಗೆ ತಮ್ಮ ನೋಟೀಸುಗಳನ್ನು ಅಂಟಿಸುವ ಮುಂಚೆಯೇ ತಂದು ತೋರಿಸಿ ತಿದ್ದಿಸಿಕೊಂಡು ಹೋಗುತ್ತಿದ್ದರು. ಹೋದ ವರ್ಷ ಒಂದು ಬೆಳಿಗ್ಗೆ, ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ಕುರ್ಚಿಯಲ್ಲಿ ಕೂತ ಟೀಚರ್ ಹಾಗೇ ಹೋದರು. ಗೌಡರು ಗದ್ದೆಯಲ್ಲಿದ್ದರು. ಸುದ್ದಿ ತಿಳಿದು ನಾನು ಹೋಗುವಷ್ಟರಲ್ಲಿ ಹಳೆಯ ವಿದ್ಯಾರ್ಥಿಗಳು ಬೀದಿ ತುಂಬ ನಿಂತಿದ್ದರು. ಕಾರ್ಯದರ್ಶಿಗಳು ಶ್ರದ್ಧಾಂಜಲಿ ಬರೆದು ನನ್ನ ಅಂಗಡಿಗೆ ತಂದು, "ತಪ್ಪು ಐತೇನು ನೋಡ್ರಿ" ಅಂತ ಮೂರು ಸಲ ಕೇಳಿದರು. ನನಗೆ ಏನು ಗೊತ್ತಾಗಬೇಕು?

ಶಿವಗಣಾರಾಧನೆ ಮುಗಿದು ಎರಡು ತಿಂಗಳಾಗಿರಬಹುದು. ಒಂದು ಸಂಜೆ ಕ್ಲಬ್ಬಿನ ಜಗಲಿಯ ಮೇಲೆ ಗೌಡರು ಪೇಪರ್ ಹಿಡಿದು ಕೂತಿದ್ದರು. ಹರಿಹರದಿಂದ ಒಬ್ಬರೇ ಸ್ಕೂಟರಿನ ಮೇಲೆ ಬಂದಿದ್ದರು. "ಸಂಜಿಯಾದ್ರೆ ಗಾಡಿ ತಾನೇ ಇತ್ತ ಬರ್ತೈತ್ರಿ" ಅಂದರು. ಒಳಗೆ ಬರ್ರಿ ಅಂದೆ. ಮೊದಲು ಒಲ್ಲೆ ಅಂದರು. ಆಮೇಲೆ ಎದ್ದು ಬಂದರು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಆ ಕೋಣೆಯ ಹೊಸ್ತಿಲು ದಾಟಿ ನನ್ನ ಎದುರು ಕುರ್ಚಿಯಲ್ಲಿ ಕೂತರು. ಅಕ್ಕಪಕ್ಕ ಕಾರ್ಯದರ್ಶಿಗಳೂ ಇನ್ನೊಬ್ಬ ಸದಸ್ಯರೂ ಇದ್ದರು. ಎಲೆ ಹಂಚಿದರು.

ಗೌಡರು ಎಲೆ ನೋಡಿಕೊಂಡು, ಗದ್ದೆಯಲ್ಲಿ ಆಳನ್ನು ಕರೆಯುವಂಥ ದನಿಯಲ್ಲಿ, "ಒಂದು ಆಟೀನ್" ಅಂದರು. ಆದೇಶ. ನಾನು ಎರಡು ಕಳಾವರ್ ಅಂದೆ. ಆಗಮ. ಅವರು ತಡಮಾಡದೆ "ನಾಲ್ಕು ಇಸ್ಪೀಟ್" ಅಂದರು. ಕೂಗು ಮುಗಿಯಿತು. ತೂಗಿದ ಹಾಗೆ ಸರಿಯಾಗಿತ್ತು. ಟೀಚರ್ ಇದ್ದಿದ್ದರೂ ಬೇರೆ ಕೂಗುತ್ತಿರಲಿಲ್ಲ. ತುರುಫಿನ ಹೆಸರು ಮೊದಲು ಕೂಗಿದವರು ಗೌಡರು, ಹಾಗಾಗಿ ಇನ್ನು ನಮ್ಮಿಬ್ಬರ ಎಲೆಯನ್ನೂ ಅವರೇ ಆಡಬೇಕು. ಕಾರ್ಯದರ್ಶಿಗಳು ಮೊದಲ ಎಲೆ ಇಳಿಸಿದರು. ನಿಯಮದಂತೆ ನನ್ನ ಹದಿಮೂರೂ ಎಲೆಯನ್ನು ಎಲ್ಲರಿಗೂ ಕಾಣುವಂತೆ ಮೇಜಿನ ಮೇಲೆ ಬಿಚ್ಚಿಟ್ಟೆ.

ಗೌಡರು ನನ್ನ ಎಲೆ ನೋಡಿದರು. ತಮ್ಮ ಕೈಯ ಎಲೆ ನೋಡಿದರು. ಮತ್ತೆ ನನ್ನ ಮುಖ ನೋಡಿದರು. "ಮನ್ಯಾಗೆ ಇಲ್ಲಿಗೇ ಮುಗಿಸ್ತಿದ್ವಿ" ಅಂದರು. "ಇನ್ನ ಮುಂದೆ ಏನ್ ಮಾಡ್ಬೇಕ್ರಿ, ಸಾವ್ಕಾರ್ರೆ?"

ಎಲೆ ಬಿಚ್ಚಿಟ್ಟವನು ಆಟ ಮುಗಿಯುವವರೆಗೆ ಬಾಯಿ ಬಿಡುವಂತಿಲ್ಲ. ಅದು ಕಾಯ್ದೆ. ನಾನು ಕಾರ್ಯದರ್ಶಿಗಳ ಕಡೆ ನೋಡಿದೆ. ಅವರು ಕನ್ನಡಕ ತೆಗೆದು ಒರೆಸುತ್ತಾ ಕಿಟಕಿಯ ಕಡೆ ತಿರುಗಿಕೊಂಡರು. ನಾನು ಎದ್ದು, ಕುರ್ಚಿ ಎಳೆದುಕೊಂಡು ಹೋಗಿ ಗೌಡರ ಪಕ್ಕದಲ್ಲಿ ಕೂತೆ.